ಯಾರ ಮೇಲೆ ಪದ ಕಟ್ಟಿದೆಯೋ ಅವರ ಮುಂದೆ ಹಾಡು: ಐದು ಫ್ರೆಂಚ್ ಚಿತ್ರ ನೋಡಿದ ಮೇಲೆ

ಈ ಮಳೆಗಾಲದಲ್ಲಿ ನಮ್ಮ ವಾಚನಾಲಯದ ಗೋಡೆಗೆ ಬಿಳಿ ಪಂಚೆ ಕಟ್ಟಿ ಐದು ಫ್ರೆಂಚ್ ಚಿತ್ರ ತೋರಿಸಿದರು. ಶನಿವಾರಕ್ಕೆ ಒಂದು. ಕತ್ತಲಾದ ಮೇಲೆ ದಾರಿಯಲ್ಲಿ ಆನೆ ಕಾಟ ಇರೋದರಿಂದ ಸಂಜೆ ನಾಲ್ಕೂವರೆಗೇ ಕಿಟಕಿಗೆ ಗೋಣಿಚೀಲ ಇಳಿಬಿಟ್ಟು ಶುರು ಮಾಡುತ್ತಿದ್ದರು. ಮಾತು ಫ್ರೆಂಚು, ಕೆಳಗೆ ಇಂಗ್ಲಿಷ್ ಅಕ್ಷರ. ಮೇಷ್ಟ್ರು ಅಲ್ಲಲ್ಲಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದರು. ಐದೂ ಮುಗಿದ ಮೇಲೆ, ‘ಯಜಮಾನ್ರೇ, ನಿಮಗೆ ಅನ್ನಿಸಿದ್ದನ್ನ ಈ ಸಲದ ಪುಸ್ತಕಕ್ಕೆ ಬರೆದುಕೊಡಿ’ ಅಂದರು. ಅದಕ್ಕೇ ಈ ಬರಹ.

ನಾನು ಓದಿರೋದು ಏಳನೇ ಕ್ಲಾಸು, ಗುಂಡ್ಲುಪೇಟೆ ಕಡೆ ಅಜ್ಜಿ ಮನೆಯಲ್ಲಿದ್ದುಕೊಂಡು. ಈಗ ಮಸಿನಗುಡಿ ಕಡೆ ಒಂದಿಷ್ಟು ಹೊಲ, ನಾಲ್ಕು ದನ. ಹೊಟ್ಟೆಪಾಡು ಬೇಸಾಯ, ಮನಸ್ಸಿನ ಪಾಡು ಹಾಡಿಕೆ. ಮಾದಪ್ಪನ ಕತೆ, ಮಂಟೇಸ್ವಾಮಿ ಕತೆ ಹಾಡುತ್ತಾ ನಲವತ್ತು ವರ್ಷ ಆಯಿತು. ಸಿನಿಮಾ ಅಳೆಯೋಕೆ ನನ್ನ ಹತ್ತಿರ ಬೇರೆ ಕೋಲಿಲ್ಲ. ಹಾಡು ಅಳೆಯೋ ಕೋಲೇ ಇದಕ್ಕೂ. ನನಗೆ ಹಾಡು ಕಲಿಸಿದವರು ಹೇಳ್ತಿದ್ದರು: ‘ಸತ್ತ ರಾಜನ ಮೇಲೆ ಪದ ಕಟ್ಟೋದು ಸಲೀಸು ಕಣಪ್ಪ. ಎದುರು ಮನೆಯವನ ಮೇಲೆ ಕಟ್ಟಿ, ಅವನ ಜಗಲಿ ಮೇಲೇ ಕೂತು ಹಾಡು. ಅವನು ಎದ್ದು ಹೋಗದೆ ಕೇಳಿದರೆ ಪದ ಸರಿಯಾಗಿದೆ ಅಂತ ತಿಳ್ಕೊ.’ ಹೊಗಳು ಅಂತ ಅವರು ಹೇಳಲಿಲ್ಲ. ಅವನ ತಪ್ಪನ್ನೂ ಹಾಡು, ಆದರೆ ಅವನ ಎದುರಿಗೆ ಹಾಡೋ ಹಾಗೆ ಹಾಡು ಅಂದರು. ಈ ಐದು ಚಿತ್ರವೂ ಬದುಕಿರುವ ಮನುಷ್ಯರ ಮೇಲೆ ಕಟ್ಟಿದ ಪದಗಳೇ. ಆದ್ದರಿಂದ ಅದೇ ಮಾತನ್ನು ಹಿಡಿದು ಒಂದೊಂದಾಗಿ ನೋಡುತ್ತೇನೆ.

ಮೊದಲನೆಯದು ‘ಫಾರ್‌ಬೀಕ್’. 1946ರ ಚಿತ್ರ, ಮಾಡಿದವರು ಜಾರ್ಜ್ ರೂಕಿಯೆ. ಫಾರ್‌ಬೀಕ್ ಅನ್ನೋದು ದಕ್ಷಿಣ ಫ್ರಾನ್ಸಿನ ಆವೆರೋಂ ಸೀಮೆಯ ಒಂದು ಒಕ್ಕಲು ಮನೆಯ ಹೆಸರು. ಅದು ರೂಕಿಯೆ ಅವರ ನೆಂಟರ ಮನೆ. ನಟರು ಯಾರೂ ಇಲ್ಲ, ಮನೆಯವರೇ ಇದ್ದಾರೆ. ಒಂದು ವರ್ಷದ ನಾಲ್ಕು ಕಾಲ, ಅಷ್ಟೇ ಕತೆ. ಎತ್ತು ಕಟ್ಟಿ ಉಳುತ್ತಾರೆ, ಹಿಟ್ಟು ನಾದಿ ಮನೆಯ ಒಲೆಯಲ್ಲೇ ರೊಟ್ಟಿ ಸುಡುತ್ತಾರೆ, ಹುಲ್ಲು ಕುಯ್ಯುತ್ತಾರೆ. ಮನೆಗೆ ಕರೆಂಟು ಹಾಕಿಸೋದೋ ಬೇಡವೋ ಅಂತ ಮಾತು ನಡೆಯುತ್ತೆ. ತಾತ ಮಕ್ಕಳಿಗೆ ಮನೆತನದ ಕತೆ ಹೇಳುತ್ತಾನೆ. ಒಂದು ಮಗು ಹುಟ್ಟುತ್ತೆ, ತಾತ ಸಾಯುತ್ತಾನೆ, ಮತ್ತೆ ಚಿಗುರುಗಾಲ ಬರುತ್ತೆ.

ಪಕ್ಕದಲ್ಲಿ ಕೂತಿದ್ದ ಹುಡುಗ, ‘ಇದೇನ್ ಸಿನಿಮಾ ತಾತ, ಒಂದು ಫೈಟಿಲ್ಲ, ಹಾಡಿಲ್ಲ’ ಅಂದ. ಅವನಿಗೆ ಹಾಗೆ ಕಾಣೋದು ಸಹಜ. ನನಗೆ ಮಾತ್ರ ಅದು ಪೂರಾ ಹಾಡಾಗೇ ಕಾಣಿಸಿತು. ಮಾದಪ್ಪನ ಕತೆಯಲ್ಲಿ ಸೊಲ್ಲು ತಿರುಗಿ ತಿರುಗಿ ಬರೋ ಹಾಗೆ ಇಲ್ಲಿ ಕಾಲ ತಿರುಗಿ ಬರುತ್ತೆ. ಮಣ್ಣಿನೊಳಗೆ ಬಿದ್ದ ಬೀಜ ಕಣ್ಣು ಬಿಡೋದನ್ನ, ಮೊಗ್ಗು ಅರಳೋದನ್ನ, ದಿನಗಟ್ಟಲೆ ಆಗೋ ಕೆಲಸವನ್ನ ಕ್ಷಣದಲ್ಲಿ ತೋರಿಸುತ್ತಾರೆ. ಅರವತ್ತು ವರ್ಷದಿಂದ ಮಣ್ಣು ಮುಟ್ಟುತ್ತಿರೋ ನಾನು ನೆಲದೊಳಗೆ ನಡೆಯೋದನ್ನ ಕಣ್ಣಾರೆ ನೋಡಿದ್ದು ಅವತ್ತೇ.

ಇದಕ್ಕಿಂತ ದೊಡ್ಡದು ರೂಕಿಯೆ ಆಮೇಲೆ ಮಾಡಿದ ಕೆಲಸ. ಅವರು ಅದೇ ಊರಿಗೆ, ಅದೇ ಜನರ ಹತ್ತಿರಕ್ಕೆ ವಾಪಸ್ ಹೋಗಿ 1983ರಲ್ಲಿ ‘ಬೀಕ್‌ಫಾರ್’ ಅಂತ ಇನ್ನೊಂದು ಚಿತ್ರ ತಂದರು. ಅಷ್ಟರಲ್ಲಿ ಎತ್ತು ಹೋಗಿ ಟ್ರ್ಯಾಕ್ಟರ್ ಬಂದಿತ್ತು, ಹೊಲಕ್ಕೆ ಔಷಧಿ ಹೊಡೆಯೋದು ಬಂದಿತ್ತು, ಪಕ್ಕದ ಜಮೀನು ಮಾರಾಟಕ್ಕಿತ್ತು. ಮೊದಲ ಚಿತ್ರದಲ್ಲಿ ಆ ಮನೆಯವರಿಗೆ ಅವಮಾನ ಆಗಿದ್ದರೆ ಮೂವತ್ತೇಳು ವರ್ಷ ಆದಮೇಲೆ ಅವರು ಬಾಗಿಲು ತೆಗೀತಿದ್ದರಾ? ನಮ್ಮ ಗುರುಗಳ ಪರೀಕ್ಷೆಯಲ್ಲಿ ರೂಕಿಯೆ ಪಾಸು.

ಎರಡನೆಯ ಚಿತ್ರ ಆನ್ಯೆಸ್ ವಾರ್ದಾ ಅನ್ನೋ ಹೆಣ್ಣುಮಗಳದ್ದು, 2000ನೇ ಇಸವಿಯದು. ಆಗ ಆಯಮ್ಮನಿಗೆ ಎಪ್ಪತ್ತು ದಾಟಿತ್ತು. ಚಿತ್ರದ ಹೆಸರನ್ನು ನಮ್ಮ ಮಾತಲ್ಲಿ ‘ಹಕ್ಕಲು ಆಯುವವರು ಮತ್ತು ನಾನು’ ಅನ್ನಬಹುದು. ಹಕ್ಕಲು ಅಂದರೆ ಈಗಿನ ಮಕ್ಕಳಿಗೆ ಗೊತ್ತಿಲ್ಲ. ಕುಯ್ಲು ಮುಗಿದ ಹೊಲದಲ್ಲಿ ಉದುರಿ ಉಳಿದ ತೆನೆ, ಕಾಳು. ನಮ್ಮಲ್ಲಿ ರಾಗಿ ಕುಯ್ದ ಮೇಲೆ ಹೊಲ ಇಲ್ಲದ ಹೆಂಗಸರು ಮಡಿಲು ಕಟ್ಟಿಕೊಂಡು ಬಂದು ಹಕ್ಕಲು ಆಯ್ದುಕೊಳ್ಳುತ್ತಿದ್ದರು. ಹೊಲದ ಯಜಮಾನ ನೋಡಿಯೂ ನೋಡದ ಹಾಗೆ ಇರುತ್ತಿದ್ದ. ಫ್ರಾನ್ಸಿನಲ್ಲೂ ಇದೇ ಇತ್ತು. 1857ರಲ್ಲಿ ಮಿಲ್ಲೆ ಅನ್ನೋ ಚಿತ್ರಗಾರ ಹಕ್ಕಲು ಆಯುವ ಮೂರು ಹೆಂಗಸರನ್ನ ಬರೆದಿದ್ದಾನೆ, ಸೊಂಟ ಬಗ್ಗಿಸಿ ನಿಂತಿರೋದು. ವಾರ್ದಾ ಅದನ್ನೇ ಹಿಡಿದುಕೊಂಡು, ಇವತ್ತು ಯಾರು ಬಗ್ಗುತ್ತಿದ್ದಾರೆ ಅಂತ ಹುಡುಕುತ್ತಾ ದೇಶ ಸುತ್ತುತ್ತಾರೆ.

ಆಲೂಗಡ್ಡೆ ಕಂಡಾಗ ನಮ್ಮ ಸಭೆಯಲ್ಲಿ ಎಲ್ಲರೂ ನೆಟ್ಟಗೆ ಕೂತರು. ಮೆಷಿನ್ನಲ್ಲಿ ಕಿತ್ತ ಗಡ್ಡೆಯಲ್ಲಿ ಅಂಗಡಿಗೆ ಬೇಕಾದ ಸೈಜಿನದು ಮಾತ್ರ ಲಾರಿಗೆ. ಬಲು ದಪ್ಪ, ಸೊಟ್ಟ, ಹಸಿರು ಬಂದದ್ದು ಎಲ್ಲಾ ಹೊಲಕ್ಕೇ ಸುರಿಯುತ್ತಾರೆ, ಗುಡ್ಡೆಗಟ್ಟಲೆ. ಬಡವರು ಚೀಲ ತಂದು ತುಂಬಿಕೊಳ್ಳುತ್ತಾರೆ. ಅದರಲ್ಲಿ ಹೃದಯದ ಆಕಾರದ ಗಡ್ಡೆಗಳು ಸಿಕ್ಕಿ ಆಯಮ್ಮ ಅವನ್ನ ಮನೆಗೆ ಒಯ್ದು ಇಟ್ಟುಕೊಳ್ಳುತ್ತಾರೆ. ಊಟಿ ಮೇಲಿನ ಹೊಲದ ಗಡ್ಡೆ ಮೇಟುಪಾಳ್ಯದ ಮಂಡಿಗೆ ಹೋದಾಗ ಸೈಜು ನೋಡಿ ರೇಟು ಕಟ್ಟೋದು ಗೊತ್ತಿದ್ದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಬಯಲಲ್ಲೂ ರೇಟು ಬಿದ್ದಾಗ ಟೊಮೇಟೊ ಕುಯ್ಯೋ ಕೂಲಿಯೂ ಹುಟ್ಟದೆ ಗಿಡದಲ್ಲೇ ಕೊಳೆಯೋದು ನೋಡಿದ್ದೇವೆ.

ಅಲ್ಲಿ ಒಬ್ಬ ವಕೀಲ ಕರಿ ಕೋಟು ಹಾಕಿಕೊಂಡೇ ಹೊಲದ ನಡುವೆ ನಿಂತು ಕಾನೂನು ಓದಿ ಹೇಳುತ್ತಾನೆ. ಕುಯ್ಲಾದ ಮೇಲೆ ಸೂರ್ಯ ಹುಟ್ಟಿದಾಗಿಂದ ಮುಳುಗೋವರೆಗೆ ಹಕ್ಕಲು ಆಯಬಹುದು ಅಂತ. 1554ರಷ್ಟು ಹಿಂದೆಯೇ ರಾಜಾಜ್ಞೆ ಇತ್ತಂತೆ. ನಮ್ಮಲ್ಲಿ ಅದು ಕಾನೂನಾಗಿರಲಿಲ್ಲ, ದಾಕ್ಷಿಣ್ಯವಾಗಿತ್ತು. ಆನೆಗೆ ಹೆದರಿ ಸೋಲಾರ್ ಬೇಲಿ ಬಂತು, ಬೇಲಿ ಬಂದಮೇಲೆ ಹಕ್ಕಲಿನವರು ಬರೋದು ನಿಂತಿತು. ದಾಕ್ಷಿಣ್ಯ ಹೋದರೆ ಕೇಳೋಕೆ ಯಾವ ಕೋರ್ಟೂ ಇಲ್ಲ.

ವಾರ್ದಾ ಅವರ ಚಿತ್ರದಲ್ಲಿ ನನಗೆ ಹಿಡಿಸಿದ್ದು ಅವರು ಬಡವರನ್ನ ಕೇಳುವ ರೀತಿ. ಸಂತೆ ಮುಗಿದ ಮೇಲೆ ಬಿದ್ದ ಸೊಪ್ಪು, ಹಣ್ಣು ಅಲ್ಲೇ ನಿಂತು ತಿನ್ನೋ ಒಬ್ಬ ಗಂಡಸು ಬರುತ್ತಾನೆ. ಇವನಾರೋ ಭಿಕಾರಿ ಅಂದುಕೊಂಡರೆ, ಅವನು ದೊಡ್ಡ ಓದು ಓದಿದವನು. ಸಂಜೆ ಹೊತ್ತು ಪರದೇಶದಿಂದ ಬಂದ ಬಡವರಿಗೆ ಕಾಸಿಲ್ಲದೆ ಫ್ರೆಂಚ್ ಪಾಠ ಹೇಳುತ್ತಾನೆ. ಒಂದೇ ಸಲ ನೋಡಿ ಹೋಗಿದ್ದರೆ ಈ ಎರಡನೇ ಮುಖ ಸಿಗುತ್ತಿರಲಿಲ್ಲ. ಆಯಮ್ಮ ತನ್ನ ಸುಕ್ಕು ಬಿದ್ದ ಕೈಯನ್ನೂ ತಾನೇ ಕ್ಯಾಮೆರಾ ಹಿಡಿದು ತೋರಿಸುತ್ತಾರೆ. ಕ್ಯಾಮೆರಾ ಆಫ್ ಮಾಡೋದು ಮರೆತು ಅದರ ಮುಚ್ಚಳ ದಾರದಲ್ಲಿ ತೂಗಾಡಿದ್ದನ್ನೂ ಕಿತ್ತು ಹಾಕದೆ, ಅದಕ್ಕೊಂದು ಸಂಗೀತ ಕೊಟ್ಟು ಕುಣಿಸಿದ್ದಾರೆ. ಇನ್ನೊಬ್ಬರನ್ನ ತೋರಿಸುವವರು ತಮ್ಮನ್ನೂ ತೋರಿಸಿಕೊಳ್ಳಬೇಕು. ಇದು ನ್ಯಾಯ. ಎರಡು ವರ್ಷ ಆದಮೇಲೆ, 2002ರಲ್ಲಿ, ಅದೇ ಜನರನ್ನ ಹುಡುಕಿಕೊಂಡು ಹೋಗಿ ‘ಈಗ ಹೇಗಿದ್ದೀರಿ, ಚಿತ್ರ ನಿಮಗೆ ಏನು ಮಾಡಿತು’ ಅಂತ ಕೇಳಿ ಇನ್ನೊಂದು ಚಿತ್ರ ಮಾಡಿದರು. ಹಾಡಿ, ಪಡಿ ಇಸ್ಕೊಂಡು ಹೋದ ಹಾಡುಗಾರ ಮತ್ತೆ ಆ ಬಾಗಿಲಿಗೆ ಬಂದು ಯೋಗಕ್ಷೇಮ ಕೇಳಿದ ಹಾಗೆ.

ಮೂರನೆಯದು ಮೇಷ್ಟ್ರುಗಳು ಎಲ್ಲರೂ ನೋಡಲೇಬೇಕಾದ್ದು. ನಿಕೊಲಾ ಫಿಲಿಬೇರ್ ಅವರ 2002ರ ಚಿತ್ರ, ‘ಎತ್ರ್ ಎ ಅವ್ವಾರ್’. ‘ಇರುವುದು, ಹೊಂದಿರುವುದು’ ಅಂತ ಅರ್ಥ. ಫ್ರೆಂಚ್ ಮಕ್ಕಳು ವ್ಯಾಕರಣದಲ್ಲಿ ಮೊದಲು ಕಲಿಯುವ ಎರಡು ಕ್ರಿಯಾಪದ ಅವು. ಓವೆರ್ನ್ ಸೀಮೆಯ ಬೆಟ್ಟದ ಊರು. ಒಂದೇ ಕೊಠಡಿ, ಒಬ್ಬರೇ ಮೇಷ್ಟ್ರು, ಅ ಆ ಕಲಿಯೋ ಕೂಸಿನಿಂದ ಹೈಸ್ಕೂಲಿಗೆ ಹೊರಟ ಮಗುವಿನ ತನಕ ಹದಿಮೂರು ಮಕ್ಕಳು. ಮೇಷ್ಟ್ರು ಜಾರ್ಜ್ ಲೋಪೆಝ್, ಸ್ಪೇನಿನಿಂದ ಬಂದ ಕೂಲಿಗಾರನ ಮಗ, ನಿವೃತ್ತಿಗೆ ಹತ್ತಿರ ಬಂದವರು. ದನಿ ಏರಿಸೋದಿಲ್ಲ. ಹೊಡೆದಾಡಿದ ಇಬ್ಬರು ಹುಡುಗರನ್ನ ಎದುರು ಕೂರಿಸಿಕೊಂಡು ಅವರ ಬಾಯಿಂದಲೇ ಮಾತು ಬರೋ ತನಕ ಕಾಯುತ್ತಾರೆ. ಚಿಕ್ಕ ಹುಡುಗನೊಬ್ಬನ ಜತೆ, ಎಣಿಕೆ ಎಲ್ಲಿ ಮುಗಿಯುತ್ತೆ ಅಂತ ಸಾವಿರ, ಲಕ್ಷ, ಕೋಟಿ ದಾಟಿ ಹೋಗುತ್ತಾರೆ. ತಂದೆಗೆ ಕಾಯಿಲೆಯಾದ ಹುಡುಗ ಅಳುವಾಗ ಪಕ್ಕದಲ್ಲಿ ಕೂರುತ್ತಾರೆ. ಮತ್ತೊಂದು ಕಡೆ, ಒಕ್ಕಲು ಮನೆಯ ಹುಡುಗನ ಮಗ್ಗಿ ಲೆಕ್ಕಕ್ಕೆ ಅಡಿಗೆಮನೆ ಮೇಜಿನ ಸುತ್ತ ಮನೆಮಂದಿಯೆಲ್ಲಾ ಸೇರಿ ತಿಣುಕುತ್ತಾರೆ. ಅಲ್ಲಿ ನಮ್ಮವರು ನಕ್ಕಿದ್ದೇ ನಕ್ಕಿದ್ದು. ನಮ್ಮ ಮನೆಯಲ್ಲೂ ಅದೇ ತಾನೆ ನಡೆಯೋದು?

ಚಿತ್ರ ನಮ್ಮ ಕಡೆಯ ಒಂದು ಚಿಂತೆಯನ್ನೂ ಮುಟ್ಟುತ್ತೆ. ಮಕ್ಕಳು ಕಮ್ಮಿ ಅಂತ ಸಣ್ಣ ಶಾಲೆ ಮುಚ್ಚಿ ಬಸ್ಸಿನಲ್ಲಿ ದೂರ ಕಳಿಸೋ ಮಾತು ಬಂದಾಗೆಲ್ಲ ಈ ಹದಿಮೂರು ಮಕ್ಕಳ ಕೊಠಡಿ ನೆನಪಾಗಬೇಕು. ಹತ್ತು ವರ್ಷದ ಹುಡುಗಿ ಐದು ವರ್ಷದವನ ಕೈ ಹಿಡಿದು ನಡೆಸೋದು ದೊಡ್ಡ ಶಾಲೆಯಲ್ಲಿ ಸಿಗೋದಿಲ್ಲ.

ಆದರೆ ಈ ಚಿತ್ರಕ್ಕೆ ಒಂದು ಬಾಲ ಇದೆ. ಫ್ರಾನ್ಸಿನಲ್ಲಿ ಸುಮಾರು ಹದಿನೆಂಟು ಲಕ್ಷ ಜನ ಟಿಕೆಟ್ ಕೊಂಡು ಇದನ್ನ ನೋಡಿದರು, ದುಡ್ಡು ಬಂತು. ಆಗ ಮೇಷ್ಟ್ರು ಲೋಪೆಝ್ ಕೋರ್ಟಿಗೆ ಹೋದರು. ಚಿತ್ರದಲ್ಲಿರೋ ಪಾಠ ನನ್ನದು, ನನಗೂ ಪಾಲು ಬೇಕು ಅಂತ. ಕೋರ್ಟು ಒಪ್ಪಲಿಲ್ಲ. ಇದನ್ನ ಕೇಳಿ ನಮ್ಮಲ್ಲಿ ಎರಡು ಪಕ್ಷ ಆಯಿತು. ‘ಮೇಷ್ಟ್ರಿಗೆ ಆಸೆ ಬಂತು’ ಅಂದವರು ಕೆಲವರು. ನಾನು ಹಾಗನ್ನೋದಿಲ್ಲ. ಹಾಡುಗಾರನಿಗೆ ಈ ಸಂಕಟ ಗೊತ್ತು. ಕತೆ ಮಾದಪ್ಪನದು, ಅದಕ್ಕೆ ಯಾರೂ ಯಜಮಾನರಲ್ಲ. ಆದರೆ ಗಂಟಲು ನನ್ನದು. ಬಹಳ ವರ್ಷದ ಕೆಳಗೆ ಪಟ್ಟಣದವರೊಬ್ಬರು ಬಂದು ಎರಡು ರಾತ್ರಿ ನಮ್ಮ ಜಗಲಿಯಲ್ಲಿ ಕೂತು ನನ್ನ ಹಾಡು ರೆಕಾರ್ಡ್ ಮಾಡಿಕೊಂಡರು. ಊಟ ಹಾಕಿದೆವು. ಕ್ಯಾಸೆಟ್ ಕಳಿಸ್ತೀವಿ ಅಂದರು, ಕಳಿಸಲಿಲ್ಲ. ನನಗೆ ಬೇಕಾಗಿದ್ದು ದುಡ್ಡಲ್ಲ, ನನ್ನ ದನಿ ನಮ್ಮ ಮನೆಯವರು ಕೇಳಬೇಕಿತ್ತು. ಫಿಲಿಬೇರ್ ಚಿತ್ರ ಚೆನ್ನ. ಮೇಷ್ಟ್ರನ್ನ ಅದು ಎಲ್ಲೂ ಕೀಳು ಮಾಡಿಲ್ಲ. ಆದರೂ ಚಿತ್ರ ಮುಗಿದ ಮೇಲೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಣ್ಣಲಾರದೆ ಹೋದರಲ್ಲ, ಅದು ನೋವು. ಒಳ್ಳೇ ಪದ ಕಟ್ಟಿದರೂ ಲೆಕ್ಕಾಚಾರದ ಮಾತು ಮೊದಲೇ ಆಗಿರಬೇಕು.

ನಾಲ್ಕನೆಯದು ಝಾನ್ ರೂಶ್ ಮತ್ತು ಎಡ್ಗಾರ್ ಮೊರಾನ್ ಸೇರಿ ಮಾಡಿದ ‘ಒಂದು ಬೇಸಿಗೆಯ ಕತೆ’, 1961ರದು. 1960ರ ಬೇಸಿಗೆಯಲ್ಲಿ ಪ್ಯಾರಿಸ್ ಬೀದಿಯಲ್ಲಿ ಹೋಗುವವರನ್ನ ನಿಲ್ಲಿಸಿ ‘ನೀವು ಸುಖವಾಗಿದ್ದೀರಾ?’ ಅಂತ ಕೇಳುತ್ತಾರೆ. ಕೆಲವರು ಓಡಿಹೋಗುತ್ತಾರೆ, ಕೆಲವರು ನಿಂತು ಹೇಳುತ್ತಾರೆ. ಆಮೇಲೆ ಕಾರ್ಖಾನೆ ಕೆಲಸಗಾರರು, ಓದುವ ಹುಡುಗರು, ಆಫ್ರಿಕಾದಿಂದ ಬಂದವರು ಕೂತು ಮಾತಾಡುತ್ತಾರೆ. ನಿಜ ಹೇಳಬೇಕೆಂದರೆ ಮಾತು ಜಾಸ್ತಿ. ಸಿಗರೇಟು ಸೇದುತ್ತಾ ಆಡೋ ಪಟ್ಟಣದ ಮಾತು ನಮ್ಮವರಿಗೆ ಸಾಕಾಯಿತು. ಇಬ್ಬರು ನಿದ್ದೆ ಹೋದರು. ಆದರೆ ಕೊನೆಯ ಭಾಗ ಇಡೀ ಚಿತ್ರವನ್ನ ಎತ್ತಿಬಿಡುತ್ತೆ. ತೆಗೆದ ಚಿತ್ರವನ್ನ ಅದರಲ್ಲಿರುವವರಿಗೇ ತೋರಿಸಿ, ಹೇಗಿದೆ ಹೇಳಿ ಅನ್ನುತ್ತಾರೆ. ಅವರು ಜಗಳಕ್ಕೇ ಬೀಳುತ್ತಾರೆ. ಇವಳು ನಾಟಕ ಆಡಿದಳು ಅಂತ ಒಬ್ಬರು, ಇಲ್ಲ ಅದೇ ನಿಜ ಅಂತ ಒಬ್ಬರು. ಆ ಜಗಳವನ್ನೂ ಚಿತ್ರದೊಳಗೇ ಇಟ್ಟಿದ್ದಾರೆ. ನಮ್ಮ ಗುರುಗಳ ಮಾತು ಪ್ಯಾರಿಸ್‌ನಲ್ಲಿ ಯಾರೋ ಕೇಳಿಸಿಕೊಂಡ ಹಾಗಿತ್ತು.

ಕೊನೆಯದಕ್ಕೆ ಬರುತ್ತೇನೆ. ಇದು ನಮ್ಮ ಬೆಟ್ಟಕ್ಕೇ ಸಂಬಂಧಪಟ್ಟದ್ದು. ಲೂಯಿ ಮಾಲ್ ಅನ್ನೋ ಹೆಸರಾಂತ ಫ್ರೆಂಚ್ ನಿರ್ದೇಶಕ 1968ರಲ್ಲಿ ಇಬ್ಬರು ಸಂಗಡಿಗರ ಜತೆ ನಮ್ಮ ದೇಶಕ್ಕೆ ಬಂದು ತಿಂಗಳುಗಟ್ಟಲೆ ತಿರುಗಾಡಿ ಏಳು ಭಾಗದ ಸಾಕ್ಷ್ಯಚಿತ್ರ ಮಾಡಿದರು. ಹೆಸರು ‘ಮಾಯಾ ಭಾರತ’ ಅನ್ನೋ ಅರ್ಥದ್ದು, 1969ರಲ್ಲಿ ಬಂತು. 1970ರಲ್ಲಿ ಬಿಬಿಸಿ ಇದನ್ನ ತೋರಿಸಿದಾಗ, ಬಡತನವನ್ನೇ ತೋರಿಸಿದ್ದಾರೆ ಅಂತ ನಮ್ಮ ಸರ್ಕಾರಕ್ಕೆ ಸಿಟ್ಟು ಬಂದು, ದೆಹಲಿಯ ಬಿಬಿಸಿ ಆಫೀಸು ಮುಚ್ಚಿಸಿದರು. ಬಡತನ ಇದ್ದದ್ದನ್ನ ತೋರಿಸಿದರೆ ನನ್ನ ತಕರಾರಿಲ್ಲ. ನನ್ನ ತಕರಾರು ಬೇರೆ.

ಆರನೆಯ ಭಾಗದಲ್ಲಿ ನಮ್ಮ ನೀಲಗಿರಿಯ ತೋಡರು ಬರುತ್ತಾರೆ. ಅವರ ಮಂದ್, ಅವರ ಎಮ್ಮೆ, ಹೊದ್ದ ಕಸೂತಿ ಬಟ್ಟೆ. ಪಂಚೆ ಮೇಲೆ ಅದು ಮೂಡಿದಾಗ ನಮ್ಮ ಜನ ‘ಓ’ ಅಂದರು. ನಾನು ಅಲ್ಲಿ ಒಂದು ವಿಷಯ ಗಮನಿಸಿದೆ. ಕಾಣೋದು ತೋಡರು, ಕೇಳೋದು ಮಾಲ್ ಅವರ ದನಿ. ಅವರ ಮದುವೆ ಹೇಗೆ, ಆಸ್ತಿ ಹೇಗೆ, ಅವರೆಷ್ಟು ಸುಖವಾಗಿದ್ದರು, ಹೇಗೆ ಅಳಿದುಹೋಗುತ್ತಿದ್ದಾರೆ ಅಂತ ಎಲ್ಲವನ್ನೂ ಮಾಲ್ ಅವರೇ ಹೇಳಿಬಿಡುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಅನುಮಾನ ಇಲ್ಲ. ಆದರೆ ತನ್ನ ದೇಶದ ಬಗ್ಗೆ ಇರೋ ಬೇಜಾರಿಗೆ ನಮ್ಮ ಬೆಟ್ಟದಲ್ಲಿ ಮದ್ದು ಹುಡುಕಿದ ಹಾಗೆ ಕಾಣುತ್ತೆ. ಪ್ಯಾರಿಸ್‌ನಲ್ಲಿ ರೂಶ್ ದಾರಿಹೋಕರಿಗೆ ‘ಸುಖವಾಗಿದ್ದೀರಾ’ ಅಂತ ಕೇಳಿದರು. ಊಟಿಯಲ್ಲಿ ಮಾಲ್ ಕೇಳಲಿಲ್ಲ, ತಾವೇ ಉತ್ತರ ಹೇಳಿದರು.

ಅದೂ ಯಾರ ವಿಷಯದಲ್ಲಿ? ತೋಡರು ಅಂದರೆ ಪದ ಕಟ್ಟೋದರಲ್ಲಿ ನಮ್ಮನ್ನೆಲ್ಲ ಮೀರಿಸಿದವರು. ಎಮ್ಮೆ ಮೇಲೆ, ಜಾಗದ ಮೇಲೆ, ಮದುವೆ, ಸಾವು, ನಿನ್ನೆ ನಡೆದ ಸಂಗತಿ, ಎಲ್ಲದರ ಮೇಲೂ ಹಾಡು. ಸೊಲ್ಲಿಗೆ ಸೊಲ್ಲು ಜೋಡಿ ಮಾಡಿ ಕಟ್ಟುತ್ತಾರೆ. ಎಮೆನೊ ಅನ್ನೋ ಭಾಷಾ ಪಂಡಿತರು 1930ರ ದಶಕದಲ್ಲಿ ಇಲ್ಲಿಗೆ ಬಂದು, ಅವರ ಭಾಷೆ ಕಲಿತು, ಆ ಹಾಡುಗಳನ್ನೆಲ್ಲ ಬರೆದುಕೊಂಡು 1971ರಲ್ಲಿ ದಪ್ಪ ಪುಸ್ತಕವಾಗಿ ತಂದರು ಅಂತ ಮೇಷ್ಟ್ರು ಹೇಳಿದರು. ಅಂಥಾ ಹಾಡುಗಾರರ ಬಗ್ಗೆ ಚಿತ್ರ ಮಾಡುವಾಗ ಅವರ ಬಾಯಿಂದಲೇ ಅವರ ಬದುಕು ಕೇಳಿಸಬೇಕಿತ್ತು.

ಮಾಲ್ ಅವರಿಗೂ ಈ ಕಷ್ಟ ತಿಳಿದಿತ್ತು ಅನ್ನೋದನ್ನ ಹೇಳದಿದ್ದರೆ ಅನ್ಯಾಯ. ಮೊದಲ ಭಾಗಕ್ಕೆ ಅವರು ಇಟ್ಟ ಹೆಸರೇ ‘ಅಸಾಧ್ಯವಾದ ಕ್ಯಾಮೆರಾ’ ಅಂತ. ಹಳ್ಳಿಯವರು ದುರುಗುಟ್ಟಿ ಕ್ಯಾಮೆರಾ ಕಡೆಗೇ ನೋಡುತ್ತಾರೆ. ನಾವು ಇವರನ್ನ ನೋಡೋಕೆ ಬಂದರೆ ಇವರು ನಮ್ಮನ್ನ ನೋಡುತ್ತಿದ್ದಾರಲ್ಲ ಅಂತ ಅವರಿಗೆ ಮುಜುಗರ. ಆ ಪ್ರಾಮಾಣಿಕತೆ ದೊಡ್ಡದು. ಇನ್ನೊಂದು ಮಾತು: ಅವತ್ತಿನ ಮಂದ್, ಅವತ್ತಿನ ಹುಲ್ಲುಗಾವಲು, ಅವತ್ತಿನ ಹಿರಿಯರ ಮುಖ ಆ ಚಿತ್ರದಲ್ಲಿ ಉಳಿದಿದೆ. ಅಷ್ಟಕ್ಕಾದರೂ ಕೈಮುಗಿಯಬೇಕು. ಆದರೆ ಅದನ್ನ ಮಂದ್‌ನ ಹುಲ್ಲಿನ ಮೇಲೆ ತೋಡರ ಹಿರಿಯರನ್ನ ಕೂರಿಸಿ ತೋರಿಸಬಹುದಾ, ಆ ದನಿಯ ಮಾತನ್ನ ಅವರ ಭಾಷೆಯಲ್ಲಿ ಬಿಡಿಸಿ ಹೇಳಬಹುದಾ ಅಂತ ಕೇಳಿದರೆ, ಅವರು ಅರ್ಧದಲ್ಲಿ ಎದ್ದು ಎಮ್ಮೆ ಕಡೆ ಹೋಗ್ತಾರೆ ಅಂತ ನನಗನ್ನಿಸುತ್ತೆ.

ಫ್ರೆಂಚರ ಮಾತು ಬಿಟ್ಟು ನಮ್ಮ ಮಗ್ಗುಲಿಗೇ ಬನ್ನಿ. ತೆಪ್ಪಕಾಡಿನ ಬೊಮ್ಮನ್, ಬೆಳ್ಳಿ ದಂಪತಿ ಆನೆಮರಿ ಸಾಕಿದ ‘ದಿ ಎಲಿಫೆಂಟ್ ವಿಸ್ಪರರ್ಸ್’ 2022ರಲ್ಲಿ ಬಂತು, 2023ರಲ್ಲಿ ಆಸ್ಕರ್ ಪಡೆಯಿತು. ಮಾಡಿದವರು ಕಾರ್ತಿಕಿ ಗೊನ್ಸಾಲ್ವಿಸ್. ಅದರಲ್ಲಿ ಹೊರಗಿನ ದನಿ ಇಲ್ಲ. ಬೊಮ್ಮನ್, ಬೆಳ್ಳಿ ಅವರೇ ತಮ್ಮ ಕತೆ ಹೇಳುತ್ತಾರೆ. ಆ ಲೆಕ್ಕದಲ್ಲಿ ಮಾಲ್ ಅವರಿಗಿಂತ ಒಂದು ಹೆಜ್ಜೆ ಮುಂದೆ. ಆದರೆ ಅದೇ 2023ರ ಆಗಸ್ಟಿನಲ್ಲಿ ದುಡ್ಡಿನ ವಿಚಾರವಾಗಿ ದಂಪತಿ ಕಡೆಯಿಂದ ವಕೀಲರ ನೋಟಿಸು ಹೋಯಿತು, ಚಿತ್ರ ಮಾಡಿದವರು ಆರೋಪ ಸರಿಯಲ್ಲ ಅಂದರು ಅಂತ ಪೇಪರಿನಲ್ಲಿ ಬಂತು. ಯಾರದು ಸರಿ ಅಂತ ತೀರ್ಪು ಕೊಡೋದು ಈ ಬರಹದ ಕೆಲಸ ಅಲ್ಲ. ಫ್ರಾನ್ಸಿನ ಲೋಪೆಝ್ ಮೇಷ್ಟ್ರ ಕತೆಯೂ ತೆಪ್ಪಕಾಡಿನ ಕತೆಯೂ ಒಂದೇ ಜಾಗಕ್ಕೆ ಬಂದು ನಿಂತಿತಲ್ಲ, ಅದನ್ನ ನೋಡಿ ಅಂತೀನಿ. ಚಿತ್ರ ಲೋಕ ಸುತ್ತಿ ಬರುತ್ತೆ. ಚಿತ್ರದಲ್ಲಿರುವ ಮನುಷ್ಯ ಮಾತ್ರ ಮಾರನೇ ದಿನ ಅದೇ ಕೆಲಸಕ್ಕೆ ಹೋಗಬೇಕು.

ಕಾಡಿನ ಬಗ್ಗೆ ಟಿವಿಯಲ್ಲಿ ಬರೋ ಎಷ್ಟೋ ಚಿತ್ರಗಳಲ್ಲಿ ಹುಲಿ ಇದೆ, ಆನೆ ಇದೆ, ಮೋಯಾರ್ ಕಣಿವೆ ಇದೆ. ನಾವು ಇಲ್ಲ. ಇದ್ದರೂ ದೂರದಲ್ಲಿ ದನದ ಹಿಂದೆ ಚುಕ್ಕಿಯ ಹಾಗೆ. ಹೊರಗಿನವರು ಹಾಗೆ ತೋರಿಸಿದರು ಅಂತ ನಾವು ಕೂತು ಬಯ್ಯೋದರಿಂದ ಏನೂ ಆಗೋದಿಲ್ಲ. ಈಗ ಪ್ರತಿ ಮನೆಯಲ್ಲೂ ಫೋನಿದೆ. ಎಪ್ಪತ್ತರ ವಾರ್ದಾ ಕೈಯಲ್ಲಿದ್ದದ್ದೂ ಒಂದು ಸಣ್ಣ ಕ್ಯಾಮೆರಾವೇ.

ಅದಕ್ಕೇ ಮೇಷ್ಟ್ರುಗಳಲ್ಲಿ ನನ್ನ ಒಂದು ಕೋರಿಕೆ. ನಿಮ್ಮ ಮಕ್ಕಳನ್ನ ಈ ಬೇಸಿಗೆ ರಜೆಯಲ್ಲಿ ಒಬ್ಬೊಬ್ಬ ಹಿರಿಯರ ಹತ್ತಿರ ಕಳಿಸಿ. ಇರುಳರ ಅಜ್ಜಿ ಇರಲಿ, ಕುರುಂಬರ ಜೇನಿನವರಿರಲಿ, ಬಡಗರ ಹಟ್ಟಿಯವರಿರಲಿ, ನಮ್ಮ ದನ ಮೇಯಿಸೋ ತಾತ ಇರಲಿ. ನಾಲ್ಕು ಮಾತು ಮಾತ್ರ ಹೇಳಿಕೊಡಿ. ಮೊದಲು ಅಪ್ಪಣೆ ಕೇಳಬೇಕು. ಅವರ ಭಾಷೆಯಲ್ಲೇ ಅವರನ್ನ ಮಾತಾಡಲು ಬಿಡಬೇಕು, ನಡುವೆ ಬಾಯಿ ಹಾಕಬಾರದು. ಕೆಳಗೆ ಅವರ ಹೆಸರು ಬರೆಯಬೇಕು. ತೆಗೆದ ಮೇಲೆ ಅವರ ಮನೆಗೇ ಹೋಗಿ ತೋರಿಸಬೇಕು. ಬೇಡ ಅಂದದ್ದನ್ನ ತೆಗೆದುಹಾಕಬೇಕು. ಇಷ್ಟಕ್ಕೆ ಫ್ರಾನ್ಸಿಗೆ ಹೋಗಿ ಕಲಿಯಬೇಕಾಗಿಲ್ಲ.

ಮಾಸಿ ತಿಂಗಳ ಬೊಕ್ಕಾಪುರ ಮಾರಿಯಮ್ಮನ ಹಬ್ಬಕ್ಕೆ ಎಲ್ಲಾ ಊರಿನವರೂ ಸೇರುತ್ತೇವಲ್ಲ, ಆಗ ತೋರಿಸೋಣ. ಚಿತ್ರದಲ್ಲಿರುವ ಅಜ್ಜ ಅಜ್ಜಿಯರನ್ನ ಮುಂದಿನ ಸಾಲಿನಲ್ಲಿ ಚಾಪೆ ಹಾಕಿ ಕೂರಿಸಿ. ಚಪ್ಪಾಳೆ ಎಷ್ಟು ಬಿತ್ತು ಅಂತ ಹಿಂದಿನ ಸಾಲು ನೋಡಬೇಡಿ. ಮುಂದಿನ ಸಾಲಿನವರು ಕೊನೇ ತನಕ ಕೂತರಾ, ಅದನ್ನ ನೋಡಿ.